ಕೇಳಿದಿರಿ, ಹೇಳಿದ್ದೇವೆ: ಕಾಡಿಗೆ ಬಿದ್ದವರು, ಮೇಲೆ ಹಾರುವವರು

ಕಳೆದ ಸಂಚಿಕೆಯಲ್ಲಿ 1945ರ ನ್ಯೂಗಿನಿ ಅಪಘಾತದ ಬಗ್ಗೆ ಅರ್ಧ ಪುಟದ ಟಿಪ್ಪಣಿ ಹಾಕಿದ್ದೆವು. ಮೇ 13ರಂದು ಡಚ್ ನ್ಯೂಗಿನಿಯ (ಇಂದಿನ ಇಂಡೋನೇಷ್ಯಾದ ಭಾಗ) ಹೊಲಾಂಡಿಯಾದಿಂದ 24 ಜನರನ್ನು ಕೂರಿಸಿಕೊಂಡು ಬಾಲಿಯೆಮ್ ಕಣಿವೆ ನೋಡಲು ಹೊರಟ ‘ಗ್ರೆಮ್ಲಿನ್ ಸ್ಪೆಷಲ್’ ಎಂಬ ಅಮೆರಿಕದ ಸಿ-47 ವಿಮಾನ ಬೆಟ್ಟಕ್ಕೆ ಬಡಿಯಿತು. ಕೊನೆಗೆ ಉಳಿದವರು ಮೂವರು: ಮಾರ್ಗರೆಟ್ ಹೇಸ್ಟಿಂಗ್ಸ್, ಜಾನ್ ಮೆಕಾಲಮ್, ಕೆನೆತ್ ಡೆಕರ್. ಅವರನ್ನು ಜೂನ್ 28ರಂದು ಎಂಜಿನ್ನೇ ಇಲ್ಲದ ಗ್ಲೈಡರಿನಲ್ಲಿ ಹೊರಗೆ ತಂದರು. ಇಷ್ಟು ಬರೆದದ್ದಕ್ಕೆ ಬಂದ ಪತ್ರಗಳು ಒಂದು ಕಟ್ಟು. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ವಿಮಾನ ಬಿದ್ದರೆ ಅದರ ಹತ್ತಿರವೇ ಇರಬೇಕು ಎಂದು ಎಲ್ಲ ಕಡೆ ಓದಿದ್ದೇನೆ. ಈ ಮೂವರು ಬಿಟ್ಟು ಹೊರಟದ್ದು ತಪ್ಪಲ್ಲವೆ? (ಶಿರಸಿ)

ತಪ್ಪಲ್ಲ. ಆ ನಿಯಮ ಮರಳುಗಾಡಿಗೆ, ಹಿಮಕ್ಕೆ, ಬಯಲಿಗೆ ಸರಿ. ಅಲ್ಲಿ ವಿಮಾನ ನಿಮಗಿಂತ ನೂರು ಪಾಲು ದೊಡ್ಡದಾಗಿ ಕಾಣುತ್ತದೆ. ಅದನ್ನು ಬಿಟ್ಟು ನಡೆದ ಮನುಷ್ಯ ಮೇಲಿನಿಂದ ನೋಡುವವನಿಗೆ ಒಂದು ಚುಕ್ಕೆ. ಆದರೆ ಮಳೆಕಾಡಿನಲ್ಲಿ ವಿಮಾನ ಮರದ ತಲೆಗಳನ್ನು ಸೀಳಿಕೊಂಡು ಕೆಳಗಿಳಿದರೆ ಮೇಲಿನ ಎಲೆಯ ಚಾವಣಿಯಲ್ಲಿ ಉಳಿಯುವುದು ಸಣ್ಣದೊಂದು ತೂತು. ನಿಮ್ಮ ಕಡೆಯ ಕಾನು ಹೊಕ್ಕವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನಡು ಮಧ್ಯಾಹ್ನವೂ ಅಲ್ಲಿ ಸಂಜೆಯ ಬೆಳಕು. ಮೇಲೆ ಹಾರುವ ವಿಮಾನದ ಸದ್ದು ಕೆಳಗಿನವರಿಗೆ ಚೆನ್ನಾಗಿ ಕೇಳುತ್ತದೆ, ಮೇಲಿನವರಿಗೆ ಮಾತ್ರ ಏನೂ ಕಾಣುವುದಿಲ್ಲ.

ಇಲ್ಲೂ ಆದದ್ದು ಅದೇ. ಇಳಿಜಾರಿನ ಕೆಳಗೆ ಕಾಡಿನ ನಡುವೆ ಬೋಳು ಜಾಗವೊಂದು ಇರುವುದು ಮೆಕಾಲಮ್‌ಗೆ ಗೊತ್ತಾಗಿತ್ತು. ಕೈಗೆ ಸಿಕ್ಕ ನೀರಿನ ಡಬ್ಬಿ, ಪೆಪ್ಪರ್‌ಮಿಂಟಿನಂಥ ಗಟ್ಟಿ ಮಿಠಾಯಿ ಮತ್ತು ಒಂದು ಹಳದಿ ಟಾರ್ಪಾಲು ಹೊತ್ತುಕೊಂಡು ಹಳ್ಳದ ಜಾಡು ಹಿಡಿದು ಇಳಿದರು. ಆ ಬೋಳು ಜಾಗ ಅಲ್ಲಿನ ಜನ ಕಾಡು ಕಡಿದು ಮಾಡಿದ ಗೆಣಸಿನ ತೋಟ. ಮೇ 16ರಂದು ಅಲ್ಲಿ ಹಳದಿ ಟಾರ್ಪಾಲು ಹಾಸಿದರು, ಹುಡುಕುತ್ತಿದ್ದ ಬಿ-17 ವಿಮಾನದ ಕಣ್ಣಿಗೆ ಬಿತ್ತು. ಆ ಟಾರ್ಪಾಲನ್ನು ‘ಭಾರ’ ಎಂದು ಮೇಲೆಯೇ ಬಿಟ್ಟು ಬಂದಿದ್ದರೆ ನಮ್ಮ ಈ ಅಂಕಣವೇ ಇರುತ್ತಿರಲಿಲ್ಲ.

ಹಾಗೆಂದು ಎದ್ದು ನಡೆಯುವುದೇ ಸರಿ ಎಂದಲ್ಲ. ಹೊರಡುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಬಿದ್ದ ವಿಮಾನ ಆಕಾಶದಿಂದ ಕಾಣುತ್ತದೆಯೇ? ಕಾಣುವುದಾದರೆ ಕೂರಿ. ಕಾಣದಿದ್ದರೆ, ನಡೆಯುವ ತ್ರಾಣವಿದ್ದರೆ, ಸಮೀಪದ ಬಯಲಿಗಷ್ಟೇ ಹೋಗಿ. ಯಾವ ದಿಕ್ಕಿಗೆ ಹೋದಿರಿ, ಯಾವ ದಿನ ಹೋದಿರಿ ಎಂಬುದನ್ನು ವಿಮಾನದ ಮೈಮೇಲೆ ಗೀಚಿಡಿ. ಹಳ್ಳದ ಜಾಡು ಸುಲಭ ಎನಿಸುತ್ತದೆ, ಆದರೆ ಬೆಟ್ಟದ ಹಳ್ಳ ಎಂದರೆ ಅಬ್ಬಿಗಳ ಸಾಲು. ಪಾಚಿ ಕಟ್ಟಿದ ಬಂಡೆ, ಸದಾ ನೆನೆದ ಕಾಲು, ಸುಟ್ಟ ಗಾಯಕ್ಕೆ ತಾಗುವ ಕೊಳಕು ನೀರು. ಹೇಸ್ಟಿಂಗ್ಸ್ ಮತ್ತು ಡೆಕರ್ ಇಬ್ಬರ ಸುಟ್ಟಗಾಯಗಳೂ ಕೊಳೆಯಲು ಶುರುವಾಗಿ ಗ್ಯಾಂಗ್ರೀನ್‌ಗೆ ತಿರುಗಿದ್ದವು.

ಮೇಲಿನವರಿಗೆ ಕಾಣುವಂತೆ ಮಾಡಲು ಬೆಂಕಿ ಹಾಕಿದರೆ ಸಾಲದೆ? ಕನ್ನಡಿ ನಿಜಕ್ಕೂ ಕೆಲಸ ಮಾಡುತ್ತದೆಯೆ? (ಸೋಮವಾರಪೇಟೆ)

ಮಳೆಕಾಡಿನಲ್ಲಿ ಬೆಂಕಿಯನ್ನು ನಂಬಬೇಡಿ. ಒದ್ದೆ ಸೌದೆ ಹತ್ತುವುದೇ ಕಷ್ಟ. ಹತ್ತಿದರೂ ಹೊಗೆ ನೆಟ್ಟಗೆ ಕಂಬದಂತೆ ಏಳುವುದಿಲ್ಲ, ಎಲೆಗಳ ನಡುವೆ ಸೋಸಿಹೋಗಿ ಅಲ್ಲಲ್ಲಿ ಬಿಳಿ ಪೊರೆಯಾಗಿ ಹೊರಬರುತ್ತದೆ. ಬೆಳಗಿನ ಮಂಜಿನ ಜೊತೆ ಕಲೆತರೆ ಪೈಲಟ್‌ಗೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗದು. ಹೊಗೆ ಹಾಕುವುದಾದರೆ ಬಯಲಿನಲ್ಲೇ ಹಾಕಿ. ಮಂಜಿನ ಎದುರು, ಬಿಳಿ ಮರಳಿನ ಎದುರು ಕಪ್ಪು ಹೊಗೆ ಬೇಕು: ವಿಮಾನದ ಎಂಜಿನ್ ಎಣ್ಣೆ, ಚಕ್ರದ ರಬ್ಬರು. ಹಸಿರಿನ ಎದುರು ಬಿಳಿ ಹೊಗೆ ಬೇಕು: ಕೆಂಡದ ಮೇಲೆ ಹಸಿ ಸೊಪ್ಪು. ಸೌದೆಯನ್ನು ಮೊದಲೇ ಒಟ್ಟಿ, ಮೇಲೆ ಏನಾದರೂ ಹೊದೆಸಿ ಇಟ್ಟಿರಬೇಕು. ವಿಮಾನದ ಸದ್ದು ಕೇಳಿದ ಮೇಲೆ ಸೌದೆ ಆರಿಸಲು ಹೋದರೆ ಅದು ಎರಡು ಬೆಟ್ಟ ದಾಟಿರುತ್ತದೆ.

ಬಿಸಿಲಿದ್ದರೆ ಕನ್ನಡಿಯಷ್ಟು ಅಗ್ಗದ, ಅಷ್ಟು ದೂರ ಮುಟ್ಟುವ ಸಾಧನ ಇನ್ನೊಂದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕನ್ನರು ನಡುವೆ ಗುರಿ ತೂತಿರುವ ಕನ್ನಡಿಯನ್ನೇ ತಯಾರಿಸಿ ತುರ್ತು ಪೊಟ್ಟಣಕ್ಕೆ ಸೇರಿಸಿದರು. ಅದಿಲ್ಲದಿದ್ದರೆ ಸಾಮಾನ್ಯ ಕನ್ನಡಿಯೋ ಉಜ್ಜಿದ ಡಬ್ಬಿ ಮುಚ್ಚಳವೋ ಸಾಕು. ಎಡಗೈಯನ್ನು ಪೂರ್ತಿ ಮುಂದೆ ಚಾಚಿ ಎರಡು ಬೆರಳನ್ನು ಕವೆಯಂತೆ ಅಗಲಿಸಿ, ಆ ಸಂದಿನಲ್ಲಿ ವಿಮಾನ ಕೂರುವಂತೆ ಹಿಡಿಯಿರಿ. ಬಲಗೈಯಲ್ಲಿ ಕನ್ನಡಿಯನ್ನು ಕಣ್ಣಿನ ಪಕ್ಕಕ್ಕೆ ತಂದು, ಅದರ ಬೆಳಕಿನ ತುಂಡು ಎಡಗೈ ಬೆರಳುಗಳ ಮೇಲೆ ಬೀಳುವಂತೆ ತಿರುಗಿಸಿ. ಈಗ ಆ ಬೆಳಕನ್ನು ಒಂದು ಬೆರಳಿನಿಂದ ಇನ್ನೊಂದಕ್ಕೆ ನಿಧಾನವಾಗಿ ಆಡಿಸಿ. ಪ್ರತಿ ಸಲ ಸಂದು ದಾಟುವಾಗ ಬೆಳಕು ವಿಮಾನಕ್ಕೆ ಬಡಿಯುತ್ತದೆ. ಎಲ್ಲರೂ ಮಾಡುವ ತಪ್ಪು ಎಂದರೆ ಬೆರಳಿನ ಗುರಿ ಬಿಟ್ಟು ಕನ್ನಡಿಯನ್ನು ಬರಿದೇ ಆಕಾಶದ ಕಡೆ ಅಲ್ಲಾಡಿಸುವುದು. ವಿಮಾನ ಕಾಣದಿದ್ದರೂ ಸದ್ದು ಬಂದ ಕಡೆಯ ದಿಗಂತದ ಉದ್ದಕ್ಕೂ ಬೆಳಕು ಹಾಯಿಸುತ್ತಿರಿ.

ಬಟ್ಟೆಯಾದರೆ ಹಳದಿ, ಕಿತ್ತಳೆ, ಬಿಳಿ. ಪ್ಯಾರಾಚೂಟನ್ನು ಗುಡಾರ ಮಾಡುವ ಮೊದಲು ಅರ್ಧ ಕತ್ತರಿಸಿ ನೆಲಕ್ಕೆ ಹಾಸಿ. ಸುಕ್ಕಾಗಿ ಬಿದ್ದ ಬಟ್ಟೆ ಮೇಲಿನಿಂದ ಬಂಡೆಯಂತೆ ಕಾಣುತ್ತದೆ. ನೇರ ಅಂಚು, ಚೌಕ ಮೂಲೆ ಕಾಡಿನಲ್ಲಿ ತಾವಾಗಿ ಹುಟ್ಟುವುದಿಲ್ಲ, ಹುಡುಕುವವನ ಕಣ್ಣು ಅರಸುವುದು ಅದನ್ನೇ.

ಆಗ ರೇಡಿಯೊ ಇರಲಿಲ್ಲವೆ? (ಗದಗ)

ಇತ್ತು. ಎಸ್‌ಸಿಆರ್-578 ಎಂಬ ಹಳದಿ ಪೆಟ್ಟಿಗೆ. ತೊಡೆಗಳ ನಡುವೆ ಅಮುಕಿ ಹಿಡಿಯಲೆಂದು ಸೊಂಟ ಸಣ್ಣಗಾಗಿಸಿದ್ದರಿಂದ, ಗಿಬ್ಸನ್ ಎಂಬ ಚಿತ್ರಕಾರನ ಸಣ್ಣ ಸೊಂಟದ ಹೆಣ್ಣುಗಳ ನೆನಪಿಗೆ, ಅದಕ್ಕೆ ‘ಗಿಬ್ಸನ್ ಗರ್ಲ್’ ಎಂದೇ ಹೆಸರು. ಬ್ಯಾಟರಿ ಇಲ್ಲ. ಮೇಲಿನ ಹಿಡಿಯನ್ನು ನಿಮಿಷಕ್ಕೆ 80 ಸುತ್ತು ತಿರುಗಿಸಿದರೆ ತಾನೇ ಎಸ್‌ಓಎಸ್ ಕಳಿಸುತ್ತದೆ, ನಡುವೆ ಉದ್ದ ಗೆರೆ, ಅಂದರೆ ಬಿಡದೆ ಮುಂದುವರಿಯುವ ಸದ್ದು, ಎಳೆಯುತ್ತದೆ. ಆ ಉದ್ದ ಗೆರೆ ದಿಕ್ಕು ಹಿಡಿಯುವವರಿಗಾಗಿ. 300 ಅಡಿ ತಂತಿಯನ್ನು ಗಾಳಿಪಟಕ್ಕೋ ಜಲಜನಕದ ಬಲೂನಿಗೋ ಕಟ್ಟಿ ಏರಿಸಬೇಕು.

ಅದು ಸಮುದ್ರಕ್ಕೆ ಬಿದ್ದವರಿಗಾಗಿ ಮಾಡಿದ ಯಂತ್ರ, ಅಲ್ಲೇ ಅದರ ತೊಡಕು. ಅದು ಬಳಸುತ್ತಿದ್ದ 500 ಕಿಲೋಹರ್ಟ್ಸ್ ಆಗ ಹಡಗುಗಳ ತುರ್ತು ತರಂಗ. ಪ್ರತಿ ಗಂಟೆಯ 15ನೇ ಮತ್ತು 45ನೇ ನಿಮಿಷದಿಂದ ಮೂರು ಮೂರು ನಿಮಿಷ ಎಲ್ಲರೂ ಸುಮ್ಮನಿದ್ದು ಕಿವಿಗೊಡುವ ಪದ್ಧತಿ ಆಗ ಹಡಗುಗಳದ್ದಾಗಿತ್ತು. ಉಪ್ಪುನೀರು ಒಳ್ಳೆಯ ಅರ್ಥಿಂಗ್ ಕೊಡುತ್ತದೆ, ಕಾಡಿನ ನೆಲ ಕೊಡುವುದಿಲ್ಲ. ಗಾಳಿಪಟ ಏರಿಸಲು ಬಯಲು ಬೇಕು, ತಂತಿ ಮರಕ್ಕೆ ತಾಗಿದರೆ ಶಕ್ತಿಯೆಲ್ಲ ಅಲ್ಲೇ ಸೋರುತ್ತದೆ. ಕಾಡಿನಲ್ಲಿ ಬಳಸಲೇಬೇಕಾದರೆ ಅರ್ಥ್ ತಂತಿಯನ್ನು ಹಳ್ಳದ ನೀರಿಗೆ ಇಳಿಬಿಡುವುದು, ಆ ಮೂರು ನಿಮಿಷಗಳಿಗೆ ಸರಿಯಾಗಿ ತಿರುಗಿಸುವುದು. ಹಸಿದವರು ದಿನವಿಡೀ ತಿರುಗಿಸಿ ದಣಿದರೆ ಫಲವಿಲ್ಲ. ನ್ಯೂಗಿನಿಯಲ್ಲಿ ಕೆಲಸಕ್ಕೆ ಬಂದ ರೇಡಿಯೊ ಮೂವರು ಕಣ್ಣಿಗೆ ಬಿದ್ದ ಮಾರನೆಯ ದಿನ ಮೇಲಿನಿಂದ ಇಳಿಸಿದ್ದು.

ಮೇ 16ಕ್ಕೇ ಕಂಡರಲ್ಲ, ಜೂನ್ 28ರವರೆಗೆ 43 ದಿನ ಏನು ಮಾಡುತ್ತಿದ್ದರು? ಆ ಗ್ಲೈಡರನ್ನು ನೆಲದಿಂದ ಎತ್ತಿದ್ದು ಹೇಗೆ? (ತುಮಕೂರು, ಹಾಸನ, ಬೆಳಗಾವಿಯಿಂದ ಹಲವರು)

ಕಾಣುವುದು ಒಂದು ಕೆಲಸ, ಹೊರಗೆ ತರುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಮೂರು ದಿನ ಹಿಡಿಯಿತು, ಎರಡನೆಯದಕ್ಕೆ ಒಂದೂವರೆ ತಿಂಗಳು.

ಮೊದಲು ಸಾಮಾನು ಇಳಿಸಬೇಕು. ಪ್ಯಾರಾಚೂಟು ಗಾಳಿಗೆ ತೇಲಿ ಎಲ್ಲೋ ಮರದ ಮೇಲೆ ಕೂರುತ್ತದೆ. ನೂರು ಗಜದಾಚೆ ಬಿದ್ದದ್ದನ್ನು ತರಲು ಅರ್ಧ ದಿನ ಬೇಕಾಗುವಂಥ ಕಾಡು. ಇದೇ ಯುದ್ಧದಲ್ಲಿ ಬರ್ಮಾದ ಕಡೆ ಅಕ್ಕಿಯನ್ನು ಪ್ಯಾರಾಚೂಟಿಲ್ಲದೆ ಎಸೆಯುತ್ತಿದ್ದ ಉಪಾಯ ಹೇಳಲೇಬೇಕು. ಒಳಚೀಲಕ್ಕೆ ಅಕ್ಕಿಯನ್ನು ಸಡಿಲವಾಗಿ ತುಂಬಿ, ಅದನ್ನು ಇನ್ನೂ ದೊಡ್ಡ ಹೊರಚೀಲಕ್ಕೆ ಹಾಕಿ ಹೊಲಿಯುತ್ತಿದ್ದರು. ನೆಲಕ್ಕೆ ಬಡಿದಾಗ ಒಳಚೀಲ ಒಡೆಯುತ್ತದೆ, ಅಕ್ಕಿ ಹೊರಚೀಲದಲ್ಲಿ ಉಳಿಯುತ್ತದೆ. ಬಿಗಿಯಾಗಿ ತುಂಬಿದರೆ ಎರಡೂ ಒಡೆದು ಅಕ್ಕಿ ಕಾಡಿನ ಪಾಲು.

ಆಮೇಲೆ ಬೆನ್ಯಾಮಿನ್ ಬುಲಟಾವ್ ಮತ್ತು ಕಮಿಲೊ ರಾಮಿರೆಜ್ ಎಂಬ ಇಬ್ಬರು ವೈದ್ಯ ಸಹಾಯಕರು ಮೂವರಿದ್ದ ಕಡೆಗೇ ಹಾರಿ ಇಳಿದರು. ಅವರು ಕ್ಯಾಪ್ಟನ್ ಅರ್ಲ್ ವಾಲ್ಟರ್‌ನ ಫಿಲಿಪಿನೋ-ಅಮೆರಿಕನ್ ಪ್ಯಾರಾಟ್ರೂಪರ್ ತಂಡದವರು. ವಾಲ್ಟರ್ ಮತ್ತು ಉಳಿದವರು ಮುಖ್ಯ ಕಣಿವೆಗೆ ಇಳಿದರು. ಗಾಯ ಮಾಯದೆ ಯಾರೂ ನಡೆಯುವಂತಿರಲಿಲ್ಲ. ಅಂಟಿಕೊಂಡ ಬಟ್ಟೆ ಬಿಡಿಸಿ, ಸತ್ತ ಚರ್ಮ ತೆಗೆದು, ದಿನಾ ಕಟ್ಟು ಬದಲಿಸಿ ವಾರಗಟ್ಟಲೆ ಕಾದರು. ಕಾಲು ಉಳಿದದ್ದು ಈ ಇಬ್ಬರ ಕೈಗುಣದಿಂದ ಎಂದೇ ನಮ್ಮ ಅಭಿಪ್ರಾಯ. ಗ್ಲೈಡರಿನ ಗದ್ದಲದಲ್ಲಿ ಇವರ ಹೆಸರು ಹಿಂದೆ ಬಿದ್ದಿದೆ. ನಡೆಯುವಂತಾದ ಮೇಲೆ ಬೆಟ್ಟ ಇಳಿದು ಕಣಿವೆಯ ಶಿಬಿರ ಸೇರಿದರು.

ಅಲ್ಲಿಂದ ಹೊಲಾಂಡಿಯಾಕ್ಕೆ ಸುಮಾರು 150 ಮೈಲಿ, ಎಲ್ಲವೂ ಕಾಡು, ಬೆಟ್ಟ, ಜೌಗು. ಸಿ-47 ಇಳಿಸೋಣವೆಂದರೆ ಗಟ್ಟಿ ಓಡುದಾರಿ ಇಲ್ಲ. ಕಣಿವೆಯ ತಳವೇ ಸುಮಾರು 1,600 ಮೀಟರ್, ಅಂದರೆ ನಮ್ಮ ನಂದಿಬೆಟ್ಟದ ತುದಿಗಿಂತ ಎತ್ತರ. ಉಳಿದದ್ದು ವಾಕೊ ಸಿಜಿ-4ಎ ಗ್ಲೈಡರು: ರೆಕ್ಕೆ ತುದಿಯಿಂದ ತುದಿಗೆ 83 ಅಡಿ 8 ಅಂಗುಲ, ಉಕ್ಕಿನ ಕೊಳವೆಯ ಹಂದರಕ್ಕೆ ಬಟ್ಟೆ ಹೊದಿಸಿದ ಮೈ, ಇಬ್ಬರು ಪೈಲಟ್‌ಗಳ ಜೊತೆ 13 ಸೈನಿಕರನ್ನು ಹೊರುವ ಶಕ್ತಿ.

ಎತ್ತುವ ವಿಧಾನದ ಮೂಲ ಅಂಚೆ ಚೀಲ. ವಿಮಾನ ಇಳಿಯದೆಯೇ ಚೀಲ ಎತ್ತಿಕೊಂಡು ಹೋಗುವ ಪದ್ಧತಿಯನ್ನು ಅಮೆರಿಕದ ಆಲ್ ಅಮೆರಿಕನ್ ಏವಿಯೇಷನ್ ಯುದ್ಧಕ್ಕೆ ಮುಂಚೆಯೇ ನಡೆಸುತ್ತಿತ್ತು. ಅದನ್ನೇ ಗ್ಲೈಡರಿಗೆ ಹಿಗ್ಗಿಸಿದರು. ನೆಲದ ಮೇಲೆ 20 ಅಡಿ ಅಂತರದಲ್ಲಿ 12 ಅಡಿ ಎತ್ತರದ ಎರಡು ಕಂಬ. ಕಂಬದ ತಲೆಗಳ ಮೇಲೆ ನೈಲಾನ್ ಹಗ್ಗದ ಕುಣಿಕೆಯನ್ನು, ಒಗೆದ ಬಟ್ಟೆ ಹಾಕುವ ಹಗ್ಗದಂತೆ, ಕೊಂಚ ಎಳೆದರೂ ಬಿಡುವ ಹಾಗೆ ಕೂರಿಸುತ್ತಾರೆ. ಕುಣಿಕೆಯಿಂದ ಹೊರಟ ದಪ್ಪ ನೈಲಾನ್ ಹಗ್ಗ ಗ್ಲೈಡರಿನ ಮೂತಿಗೆ. ಗ್ಲೈಡರ್ ಕಂಬಗಳ ನೇರಕ್ಕಲ್ಲ, ಓರೆಗೆ ನಿಂತಿರುತ್ತದೆ, ಎಳೆಯುವ ವಿಮಾನ ಅದರ ತಲೆ ಸವರಬಾರದಲ್ಲ. ಸಿ-47ರ ಹೊಟ್ಟೆಯಡಿಯಿಂದ ಒಂದು ತೋಳು ಕೆಳಗೆ ಚಾಚಿದೆ, ತುದಿಯಲ್ಲಿ ಕೊಕ್ಕೆ. ಕೊಕ್ಕೆಯ ಹಿಂದಿನ ಉಕ್ಕಿನ ಕೇಬಲ್ ಒಳಗಿನ ರಾಟೆಗೆ ಸುತ್ತಿದೆ.

ಗಂಟೆಗೆ 130 ಮೈಲಿಗೂ ಮೇಲಿನ ವೇಗದಲ್ಲಿ ಬಂದ ವಿಮಾನ ಕುಣಿಕೆ ಹಿಡಿದ ಕ್ಷಣವೇ ಮೇಲೇರುತ್ತದೆ. ನಿಂತ ಗ್ಲೈಡರನ್ನು ಒಮ್ಮೆಲೇ ಎಳೆದರೆ ಹಗ್ಗವೋ ಮೂತಿಯೋ ಕಿತ್ತುಬರಬೇಕು. ಹಾಗಾಗದಂತೆ ಕಾಯುವುದು ಎರಡು: ನೈಲಾನಿನ ಹಿಗ್ಗು, ರಾಟೆಯ ಬ್ರೇಕು. ರಾಟೆ ಮೊದಲು ಸಡಿಲವಾಗಿ ಕೇಬಲ್ ಬಿಡುತ್ತದೆ, ಬ್ರೇಕ್ ಮೆಲ್ಲಗೆ ಬಿಗಿಯುತ್ತ ಹೋಗುತ್ತದೆ, ಗಾಳಕ್ಕೆ ದೊಡ್ಡ ಮೀನು ಬಿದ್ದಾಗ ದಾರ ಬಿಟ್ಟು ಬಿಟ್ಟು ಹಿಡಿಯುವ ಹಾಗೆ. ಕೆಲವೇ ಸೆಕೆಂಡುಗಳಲ್ಲಿ ಗ್ಲೈಡರ್ ಗಾಳಿಯಲ್ಲಿರುತ್ತದೆ. ಆಮೇಲೆ ರಾಟೆ ಕೇಬಲನ್ನು ಒಳಗೆಳೆದುಕೊಳ್ಳುತ್ತದೆ. ಬ್ರೇಕ್ ಅತಿ ಬಿಗಿಯಾದರೆ ಹಗ್ಗ ಹೋಗುತ್ತದೆ, ಅತಿ ಸಡಿಲವಾದರೆ ಕೇಬಲೇ ಮುಗಿಯುತ್ತದೆ. ವಿಮಾನ ಎರಡಾಳೆತ್ತರ ಮೇಲಿದ್ದರೆ ಕೊಕ್ಕೆ ಕುಣಿಕೆಗೆ ಸಿಗದು, ಅಷ್ಟೇ ಕೆಳಗಿದ್ದರೆ ಪ್ರೊಪೆಲ್ಲರಿಗೆ ಅಪಾಯ. ಗ್ಲೈಡರ್ ಪೈಲಟ್ ಉತ್ಸಾಹದಿಂದ ಮೂತಿ ಎತ್ತಿದರೆ ಎಳೆಯುವ ವಿಮಾನದ ಬಾಲ ಮೇಲೆದ್ದು ಅದರ ಮೂತಿ ನೆಲ ನೋಡುತ್ತದೆ.

ಎತ್ತರದ ಲೆಕ್ಕವನ್ನೂ ನೋಡಿ. 1,600 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಶೇ 85ರಷ್ಟು. ಅದೇ ಭಾರ ಎತ್ತಲು ವೇಗ ಶೇ 8ರಷ್ಟು ಹೆಚ್ಚು ಬೇಕು, ಹಗ್ಗ ಮತ್ತು ಬ್ರೇಕು ಹೊರಬೇಕಾದ ಶಕ್ತಿ ಶೇ 17ರಷ್ಟು ಹೆಚ್ಚು. ಎಂಜಿನ್ನಿನ ಬಲ ಮಾತ್ರ ಕಡಿಮೆ. ಎದುರಿಗೆ ಬೆಟ್ಟದ ಗೋಡೆ. ಅದಕ್ಕೇ ಮೊದಲ ಸಲ ಮೂವರ ಜೊತೆ ಇಬ್ಬರೇ ಪ್ಯಾರಾಟ್ರೂಪರುಗಳು ಹತ್ತಿದ್ದು, 13 ಜನರಲ್ಲ. ಇಷ್ಟಾದರೂ ಆ ದಿನ ಎಡವಿದ್ದು ಯಾರೂ ಲೆಕ್ಕ ಹಾಕದ ಕಡೆ. ನೆಲದ ಮೇಲೆ ಗುರುತಿಗೆ ಹಾಸಿದ್ದ ಸರಕಿನ ಪ್ಯಾರಾಚೂಟೊಂದು ಗ್ಲೈಡರಿನ ಚಕ್ರಕ್ಕೆ ಸುತ್ತಿಕೊಂಡು, ಹಾರಾಟದ ಉದ್ದಕ್ಕೂ ತಳದ ಬಟ್ಟೆಯನ್ನು ಬಡಿದು ಬಡಿದು ಹರಿದುಹಾಕಿತು. ಒಳಗೆ ಕೂತವರಿಗೆ ಕಾಲಡಿಯಲ್ಲೇ ಕಾಡು ಕಾಣುತ್ತಿತ್ತು. ಹಗ್ಗ, ರಾಟೆ, ಕೊಕ್ಕೆಗಳದ್ದು ಏನೂ ತಪ್ಪಿರಲಿಲ್ಲ.

ಹೆಲಿಕಾಪ್ಟರ್ ಯಾಕೆ ಕಳಿಸಲಿಲ್ಲ? (ಮಂಡ್ಯ)

ಹೆಲಿಕಾಪ್ಟರ್ ಬಂದಿತ್ತು, ಬಲ ಬಂದಿರಲಿಲ್ಲ. 1944ರ ಏಪ್ರಿಲ್ ಕೊನೆಯಲ್ಲಿ ಕಾರ್ಟರ್ ಹರ್ಮನ್ ಎಂಬ ಪೈಲಟ್ ಬರ್ಮಾದಲ್ಲಿ ಸಿಕೋರ್ಸ್ಕಿ ವೈಆರ್-4ಬಿ ಹಾರಿಸಿ, ಜಪಾನಿಯರ ಹಿಂಬದಿಯಲ್ಲಿ ಬಿದ್ದಿದ್ದ ಒಬ್ಬ ಪೈಲಟ್ ಮತ್ತು ಮೂವರು ಬ್ರಿಟಿಷ್ ಸೈನಿಕರನ್ನು ಒಂದು ಸಲಕ್ಕೆ ಒಬ್ಬೊಬ್ಬರಂತೆ ಎತ್ತಿ ತಂದ. ಯುದ್ಧರಂಗದಲ್ಲಿ ಹೆಲಿಕಾಪ್ಟರಿನ ಮೊದಲ ಪಾರುಗಾಣಿಕೆ ಅದು. ಅಲ್ಲೇ ಸೆಖೆಗೆ ಎಂಜಿನ್ ಕಾದು ನಡುವೆ ನಿಲ್ಲಿಸಬೇಕಾಯಿತು. ಬಾಲಿಯೆಮ್‌ನ ಎತ್ತರ, ದೂರ, ದಾಟಬೇಕಾದ ಬೆಟ್ಟ, ಮೂರೂ ಅದರ ಅಳವಿಗೆ ಮೀರಿದ್ದವು.

ಇಂಥದ್ದು ಭಾರತದಲ್ಲೂ ನಡೆದಿತ್ತೆ? ಕರ್ನಾಟಕಕ್ಕೆ ಏನಾದರೂ ಸಂಬಂಧ ಇದೆಯೆ? (ಬೆಂಗಳೂರು)

ಎರಡಕ್ಕೂ ಹೌದು. ಅಸ್ಸಾಮಿನ ಛಾಬುವಾ, ದಿಂಜಾನ್, ಮೋಹನ್‌ಬಾರಿಗಳಿಂದ ಚೀನಾದ ಕುನ್ಮಿಂಗ್‌ಗೆ ಹಿಮಾಲಯದ ಪೂರ್ವ ತುದಿ ದಾಟುವ ದಾರಿಗೆ ಅಮೆರಿಕನ್ನರು ‘ಹಂಪ್’ ಎನ್ನುತ್ತಿದ್ದರು. ಅಲ್ಲಿ ಕಳೆದುಹೋದ ವಿಮಾನಗಳು ಆರುನೂರರ ಆಸುಪಾಸು. 1943ರ ಆಗಸ್ಟ್ 2ರಂದು ಛಾಬುವಾ ಬಿಟ್ಟ ಸಿ-46ರ ಒಂದು ಎಂಜಿನ್ ಕೆಟ್ಟು, 21 ಜನರಲ್ಲಿ 20 ಮಂದಿ ನಾಗಾ ಬೆಟ್ಟಗಳಲ್ಲಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಪತ್ರಕರ್ತ ಎರಿಕ್ ಸೆವರೈಡ್ ಅವರಲ್ಲೊಬ್ಬ. ಡಾನ್ ಫ್ಲಿಕಿಂಜರ್ ಎಂಬ ಸೇನಾ ವೈದ್ಯ ಇಬ್ಬರು ಸಹಾಯಕರೊಂದಿಗೆ ಅಲ್ಲಿಗೇ ಹಾರಿದ. ಮೊಕೊಕ್‌ಚುಂಗ್‌ನ ಬ್ರಿಟಿಷ್ ಅಧಿಕಾರಿ ಫಿಲಿಪ್ ಆಡಮ್ಸ್ ನಾಗಾ ಕಾವಲಿನವರ ಜೊತೆ ನಡೆದು ಬಂದು ಎಲ್ಲರನ್ನೂ ನಡೆಸಿಕೊಂಡೇ ಹೊರತಂದ. ಅಲ್ಲಿ ಹಳ್ಳಿಗಳಿದ್ದವು, ಕಾಲುದಾರಿಗಳಿದ್ದವು, ದಾರಿ ಬಲ್ಲವರಿದ್ದರು. ಹಾಗಾಗಿ ಗ್ಲೈಡರ್ ಬೇಕಾಗಲಿಲ್ಲ. ಆ ವರ್ಷವೇ ಛಾಬುವಾದಲ್ಲಿ ಕ್ಯಾಪ್ಟನ್ ಜಾನ್ ಪೋರ್ಟರ್‌ನ ಕೈಕೆಳಗೆ ಹುಡುಕುವುದಕ್ಕೆಂದೇ ಒಂದು ತಂಡ ಹುಟ್ಟಿತು. ಪೋರ್ಟರ್ ಡಿಸೆಂಬರಿನಲ್ಲಿ ಹಾರಾಟದಲ್ಲೇ ತೀರಿಕೊಂಡ.

ಕರ್ನಾಟಕದ ನಂಟು ಎಚ್ಎಎಲ್. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆಗೂಡಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕನ್ ವಾಯುಪಡೆಯ 84ನೇ ಏರ್ ಡಿಪೋ ಆಯಿತು. ಈ ರಂಗದ ವಿಮಾನಗಳು, ಎಂಜಿನ್ನುಗಳು ಬಿಚ್ಚಿ ರಿಪೇರಿಯಾಗುತ್ತಿದ್ದುದು ಇಲ್ಲಿ. ರಿಪೇರಿಗೆ ಬಂದ ಕ್ಯಾಟಲೀನಾ ನೀರುವಿಮಾನಗಳು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಗೆ. ಇವತ್ತಿನ ನೊರೆ ನೋಡಿದವರು ನಂಬುವುದು ಕಷ್ಟ.

ಊಟವಿಲ್ಲದೆ ಎಷ್ಟು ದಿನ ಇರಬಹುದು? ಅವರು ಮೊದಲು ಗಮನಿಸಬೇಕಾದದ್ದು ಏನು? (ಪುತ್ತೂರು)

ಊಟದ ಚಿಂತೆ ಕೊನೆಗೆ. ಮೊದಲು ರಕ್ತ, ಆಮೇಲೆ ಚಳಿ, ಆಮೇಲೆ ನೀರು, ಆಮೇಲೆ ಗಾಯ. ಉಷ್ಣವಲಯವೆಂದು ಚಳಿಯನ್ನು ಮರೆಯುತ್ತಾರೆ. ಎತ್ತರದ ಕಾಡಿನಲ್ಲಿ ಒದ್ದೆ ಬಟ್ಟೆಯಲ್ಲಿ ಕಳೆದ ಒಂದು ರಾತ್ರಿ ಗಾಯಾಳುವನ್ನು ಮುಗಿಸಬಲ್ಲದು. ನೀರನ್ನು ಕುದಿಸಬೇಕು. ಆಗಿನ ಸೈನಿಕರ ಬಳಿ ಹ್ಯಾಲಜೋನ್ ಮಾತ್ರೆ ಇರುತ್ತಿತ್ತು, ಕ್ಯಾಂಟೀನಿಗೆ ಹಾಕಿ ಅರ್ಧ ಗಂಟೆ ಕಾದು ಕುಡಿಯುವುದು. ಮುಚ್ಚಳದ ತಿರುಪಿನಲ್ಲಿ ಉಳಿದ ಕಚ್ಚಾ ನೀರನ್ನೂ ಅದೇ ನೀರಿನಿಂದ ತೊಳೆಯಬೇಕು, ಹೆಚ್ಚಿನವರು ಮರೆಯುವುದು ಇದನ್ನೇ. ಮಲೇರಿಯಾ ತಡೆಗೆ ಆಗ ಕೊಡುತ್ತಿದ್ದುದು ದಿನಕ್ಕೊಂದು ಅಟಾಬ್ರಿನ್ ಮಾತ್ರೆ, 0.1 ಗ್ರಾಂ. ಚರ್ಮ ಹಳದಿಯಾಗುತ್ತದೆಂದು ಬಹಳ ಜನ ಕದ್ದು ಉಗುಳುತ್ತಿದ್ದರು. ಸುಟ್ಟ ಗಾಯಕ್ಕೆ ಎಣ್ಣೆ ಬೇಡ, ಬೊಕ್ಕೆ ಒಡೆಯುವುದು ಬೇಡ, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಸಡಿಲವಾಗಿ ಮುಚ್ಚುವುದು. ಉಂಬಳಕ್ಕೆ ಉಪ್ಪು, ತಂಬಾಕು ಎಂದು ಮಲೆನಾಡಿನವರಿಗೆ ನಾವು ಹೇಳಬೇಕೆ?

ಅರುಣಾಚಲಕ್ಕೆ ಚಾರಣ ಹೊರಟಿದ್ದೇವೆ. ಹಳೆಯ ವಿಮಾನದ ಅವಶೇಷ ಸಿಕ್ಕರೆ ಏನು ಮಾಡಬೇಕು? (ಮೈಸೂರು)

ಮುಟ್ಟಬೇಡಿ. ಸಿಡಿಯದ ಗುಂಡುಗಳಿರಬಹುದು, ಮನುಷ್ಯರ ಎಲುಬುಗಳೂ ಇರಬಹುದು. ಜಿಪಿಎಸ್ ಗುರುತು ಹಾಕಿಕೊಂಡು ಜಿಲ್ಲಾಡಳಿತಕ್ಕೆ ತಿಳಿಸಿ. ಕಾಣೆಯಾದ ಅಮೆರಿಕನ್ ಸೈನಿಕರ ಲೆಕ್ಕ ಹಿಡಿಯುವ ಡಿಪಿಎಎ ಎಂಬ ಸರ್ಕಾರಿ ಸಂಸ್ಥೆ ಭಾರತದಲ್ಲೂ ಶೋಧ ನಡೆಸಿದೆ. ಹೋಗುವ ಮುಂಚೆ 2023ರಲ್ಲಿ ತೆರೆದ ಪಾಸಿಘಾಟ್‌ನ ಹಂಪ್ ಸಂಗ್ರಹಾಲಯ ನೋಡಿ, ತುಂಡುಗಳ ಪರಿಚಯವಾಗುತ್ತದೆ.

ಫೋಟೊ ತೆಗೆಯುವಾಗ ಇಡೀ ದೃಶ್ಯ ಒಂದು ಸಾಕು, ಉಳಿದದ್ದೆಲ್ಲ ಹತ್ತಿರದಿಂದ. ಬಾಲದ ಮೇಲಿನ ಅಂಕಿ ಮುಖ್ಯ: ಸರಣಿ ಸಂಖ್ಯೆಯಲ್ಲಿ ವರ್ಷದ ಮೊದಲ ಅಂಕಿ ಬಿಟ್ಟು ಬರೆಯುತ್ತಿದ್ದರು, 42ರಿಂದ ಶುರುವಾಗುವ ಸಂಖ್ಯೆ ಬಾಲದ ಮೇಲೆ 2ರಿಂದ ಶುರುವಾಗುತ್ತದೆ. ಬಾಲ ಸಿಗದಿದ್ದರೆ ಎಂಜಿನ್ನಿನ ಸಿಲಿಂಡರ್ ಎಣಿಸಿ. 18 ಇದ್ದರೆ ಸಿ-46 ಇರಬಹುದು. 14 ಇದ್ದರೆ ಎರಡು ಎಂಜಿನ್ನಿನ ಸಿ-47 ಅಥವಾ ನಾಲ್ಕು ಎಂಜಿನ್ನಿನ ಬಿ-24ರ ಬಳಗದ್ದು. ಆಗ ಸುತ್ತ ಎಷ್ಟು ಎಂಜಿನ್ ಬಿದ್ದಿವೆ ನೋಡಿ: ಮೂರನೆಯದು ಸಿಕ್ಕಿತೆಂದರೆ ಅದು ಸಿ-47 ಅಲ್ಲ.